ಮೊದಲು ಕಾವು

ಮಲೆನಾಡಿನ ಆಷಾಢದಲ್ಲಿ ಹದ್ದು, ಮುಂಗುಸಿಗಳಿಗಿಂತ ಹೆಚ್ಚು ಕೋಳಿಮರಿಗಳನ್ನು ಥಂಡಿ ಒಯ್ಯುತ್ತದೆ. ಬಿಡದೆ ಹೊಯ್ಯುವ ಮಳೆ, ಕೋಳಿ ಒಡ್ಡಿಯ ನೆಲದ ತೇವ, ಹೇಂಟೆಯ ರೆಕ್ಕೆಯಡಿ ಜಾಗ ಸಾಲದೆ ಅಂಚಿನಲ್ಲೇ ಉಳಿದ ಒಂದು ಹೂಮರಿ. ಬೆಳಿಗ್ಗೆ ಬಾಗಿಲು ತೆಗೆದಾಗ ಉಳಿದವೆಲ್ಲ ತಾಯಿಯ ಹಿಂದೆ ಓಡಿದರೆ ಇದೊಂದು ಮೂಲೆಯಲ್ಲಿ ರೆಕ್ಕೆ ಇಳಿಬಿಟ್ಟು, ಕಣ್ಣು ಅರ್ಧ ಮುಚ್ಚಿ ತೂಕಡಿಸುತ್ತ ನಿಂತಿರುತ್ತದೆ. ಅಂಥ ಮರಿಯನ್ನು ಎತ್ತಿಕೊಂಡು ಬಂದು ಮತ್ತೆ ಓಡಾಡುವಂತೆ ಮಾಡುವುದು ನನಗೆ ಅತ್ಯಂತ ಪ್ರಿಯವಾದ ಕೆಲಸ. ಹಾಡು ಕಲಿಯುವವರು ಹಾಡಿಗೆ ಕೂರುತ್ತಾರೆ, ಹೊಲಿಗೆ ಬಲ್ಲವರು ಬಟ್ಟೆ ಹಿಡಿದು ಕೂರುತ್ತಾರೆ. ನಾನು ಮಳೆಗಾಲದಲ್ಲಿ ಇದಕ್ಕೆ ಕೂರುತ್ತೇನೆ.

ಕಲಿಸಿದವರು ಅತ್ತೆ. ಮದುವೆಯಾಗಿ ಬಂದ ಹೊಸತರಲ್ಲಿ, ಸೊರಗಿದ ಮರಿ ಕಂಡರೆ ನನ್ನ ಕೈ ಮೊದಲು ಹೋಗುತ್ತಿದ್ದದ್ದು ನುಚ್ಚಿನ ಡಬ್ಬಿಗೆ. ಅತ್ತೆ ಡಬ್ಬಿ ಮುಚ್ಚಿಡುತ್ತಿದ್ದರು. "ಮೊದ್ಲು ಬೆಚ್ಚಗೆ ಮಾಡೆ ಮಾರಾಯ್ತಿ. ನೀರು ಆಮೇಲೆ. ತಿನ್ನೋದು ಕೊನೆಗೆ." ಇಷ್ಟೇ ಅವರ ಪಾಠ. ಅದಕ್ಕಿಂತ ಮುಖ್ಯವಾದದ್ದನ್ನು ಪಶುವೈದ್ಯರಿಂದಲೂ ನಾನು ಕೇಳಿಲ್ಲ. ಕರುಣೆ ಇದ್ದವರೆಲ್ಲ ಊಟದಿಂದ ಶುರು ಮಾಡುತ್ತಾರೆ. ಆದರೆ ಮೈ ತಣ್ಣಗಾದ ಮರಿಗೆ ಊಟ ಜೀರ್ಣವಾಗುವುದಿಲ್ಲ. ಕೊರಳ ಬುಡದ ಮೇವಿನ ಚೀಲದಲ್ಲಿ ಅದು ಹಾಗೇ ಕೂತು ಹುಳಿಯುತ್ತದೆ. ಇನ್ನು ಆಗಷ್ಟೇ ಒಡೆದು ಬಂದ ಮರಿಗಂತೂ ಊಟದ ಅವಸರವೇ ಇಲ್ಲ. ಮೊಟ್ಟೆಯಿಂದ ಹೊರಬರುವ ಮೊದಲೇ ಅದು ಉಳಿದ ಹಳದಿ ಭಂಡಾರವನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ, ಅದು ಎರಡು ಮೂರು ದಿನಕ್ಕೆ ಸಾಕು. ಒಂದು ದಿನದ ಮರಿಗಳನ್ನು ಪೆಟ್ಟಿಗೆಯಲ್ಲಿಟ್ಟು ಬಸ್ಸು, ರೈಲುಗಳಲ್ಲಿ ದೂರದೂರಿಗೆ ಕಳಿಸಲು ಸಾಧ್ಯವಾಗಿರುವುದೇ ಈ ಭಂಡಾರದಿಂದ.

ಆದ್ದರಿಂದ ಮೊದಲು ಕಾವು. ಕೋಳಿಯ ಮೈ ನಮ್ಮ ಮೈಗಿಂತ ಬಿಸಿ, 41 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಮರಿಯ ಮೈ ಅದಕ್ಕಿಂತ ಒಂದೆರಡು ಡಿಗ್ರಿ ಕಡಿಮೆ. ಆ ಶಾಖವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿಯೂ ಅದಕ್ಕೆ ಮೊದಲ ಒಂದೆರಡು ವಾರ ಇರುವುದಿಲ್ಲ. ಮೈಮೇಲಿರುವುದು ಬೂರುಗದ ಹತ್ತಿಯಂಥ ತುಪ್ಪುಳ ಮಾತ್ರ, ಅದು ಒದ್ದೆಯಾಯಿತೆಂದರೆ ಇದ್ದೂ ಇಲ್ಲದಂತೆ. ಹೇಂಟೆಗಾದರೆ ಕಾವಿಗೆ ಕೂತಾಗ ಎದೆ ಹೊಟ್ಟೆಯ ಕೆಳಗಿನ ಪುಕ್ಕ ಉದುರಿ ಬರಿ ಚರ್ಮ ಬಿಟ್ಟಿರುತ್ತದೆ. ಮೊಟ್ಟೆಗೂ ಮರಿಗೂ ನೇರವಾಗಿ ತಾಕುವುದು ಆ ಚರ್ಮ. ನಾವು ಅದಕ್ಕೆ ಬದಲಿ ಹುಡುಕಬೇಕು.

ನನ್ನ ಮೊದಲ ಬದಲಿ ಅಂಗೈ. ಒಂದು ಕೈಯನ್ನು ಬೊಗಸೆ ಮಾಡಿ ಮರಿಯನ್ನು ಕೂರಿಸಿ, ಇನ್ನೊಂದು ಕೈಯನ್ನು ಮೇಲೆ ಹಗುರವಾಗಿ ಮುಚ್ಚುತ್ತೇನೆ. ಬಿಗಿಯಾಗಿ ಹಿಡಿಯಬಾರದು. ಹಕ್ಕಿಗಳಿಗೆ ನಮ್ಮಂತೆ ವಪೆ ಇಲ್ಲ. ಎದೆಗೂಡು ಏರಿಳಿದರೆ ಮಾತ್ರ ಉಸಿರು. ಎದೆ ಅಮುಕಿದರೆ ಮೂಗು ತೆರೆದಿದ್ದರೂ ಉಸಿರುಗಟ್ಟುತ್ತದೆ. ಬೆರಳಿನ ತುದಿಗೆ ಹೃದಯದ ಬಡಿತ ತಾಕುತ್ತದೆ, ಎಣಿಸಲಾಗದಷ್ಟು ವೇಗ. ಕಾಲು ತಣ್ಣಗಿದೆಯೋ ಬೆಚ್ಚಗಿದೆಯೋ ಎಂಬುದು ಕಿರುಬೆರಳಿಗೆ ತಿಳಿಯುತ್ತದೆ. ಮರಿಯ ಆರೋಗ್ಯದ ಸುದ್ದಿ ಮೊದಲು ಅದರ ಕಾಲಿನಲ್ಲಿ. ಕಾಲಿಗೆ ಬಿಸಿ ಬಂತೆಂದರೆ ಅರ್ಧ ಕೆಲಸ ಆಯಿತು.

ಆಮೇಲೆ ಬುಟ್ಟಿ. ತಳಕ್ಕೆ ಒಣ ಭತ್ತದ ಹೊಟ್ಟು, ಅದರ ಮೇಲೆ ಗೋಣಿತಾಟಿನ ತುಂಡು. ಹಳೆಯ ಪೇಪರ್ ಹಾಸಬಾರದು, ಎಳೆಯ ಕಾಲು ಜಾರಿ ಎರಡು ಕಡೆಗೆ ಹರಡಿಕೊಳ್ಳುತ್ತದೆ. ಬುಟ್ಟಿಯ ಒಂದು ಬದಿಗೆ ಬಲ್ಬು, ಇನ್ನೊಂದು ಬದಿ ತಂಪು. ಇದು ಬಹಳ ಮುಖ್ಯ. ಬಲ್ಬಿನ ಕೆಳಗೆ ಮೊದಲ ವಾರ 35 ಡಿಗ್ರಿಯ ಆಸುಪಾಸು ಇರಬೇಕು, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಬರಬೇಕು. ಆದರೆ ಆ ಹೊತ್ತಿಗೆ ಎಷ್ಟು ಬೇಕೆಂದು ನಿರ್ಧರಿಸುವ ಹಕ್ಕು ಮರಿಯದು. ಬಲ್ಬಿಗೆ ಅಂಟಿಕೊಂಡು ನಿಂತರೆ ಚಳಿ, ದೂರದ ಮೂಲೆಗೆ ಹೋಗಿ ಕೊಕ್ಕು ಬಿಟ್ಟು ಏದುಸಿರು ಬಿಟ್ಟರೆ ಸೆಕೆ. ನಡುವೆ ಮೈಚಾಚಿ ಬಿದ್ದುಕೊಂಡರೆ ಸರಿಯಾಗಿದೆ. ಬೆಚ್ಚಗಾದ ಮರಿ ಮಲಗುವ ಭಂಗಿ ನೋಡಿ ಹೊಸಬರು ಹೌಹಾರುತ್ತಾರೆ. ಕತ್ತು ಉದ್ದಕ್ಕೆ ಚಾಚಿ, ರೆಕ್ಕೆ ಚೆಲ್ಲಿ, ಥೇಟು ಸತ್ತಂತೆ. ನನಗೆ ಅದರಷ್ಟು ಸಮಾಧಾನ ಕೊಡುವ ನೋಟ ಇನ್ನೊಂದಿಲ್ಲ.

ಬಲ್ಬಿನ ವಿಷಯ ಒಂದು ಮಾತು. ಎಲ್‌ಇಡಿ ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಈ ಕೆಲಸಕ್ಕೆ ಬೇಕಾದದ್ದು ತಂತಿ ಕಾಯುವ ಹಳೆಯ 60 ವ್ಯಾಟಿನ ಬಲ್ಬು. ಅದೀಗ ಪೇಟೆಯಲ್ಲಿ ಅಪರೂಪ. ಕಂಡಾಗಲೆಲ್ಲ ಕೊಂಡಿಡುತ್ತೇನೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಬೇಗ ಬರುವುದೂ ಇಲ್ಲ. ಆಗ ಬಿಸಿನೀರು ತುಂಬಿದ ಬಾಟಲಿಗೆ ಹಳೆಯ ಪಂಚೆ ಸುತ್ತಿ ಮರಿಯ ಪಕ್ಕ ಇಡುತ್ತೇನೆ, ತಣಿದಂತೆ ಬದಲಿಸುತ್ತೇನೆ. ಹಿಂದೆ ಬಚ್ಚಲೊಲೆಯ ಪಕ್ಕ ಮಂಕರಿ ಇಡುವುದಿತ್ತು. ಶಾಖಕ್ಕೆ ಅದು ಒಳ್ಳೆಯದೇ, ಹೊಗೆಗೆ ಮಾತ್ರ ನಾನು ಹೆದರುತ್ತೇನೆ. ಹಕ್ಕಿಯ ಉಸಿರು ಶ್ವಾಸಕೋಶದಲ್ಲಿ ಮುಗಿಯುವುದಿಲ್ಲ, ಮೈಯೊಳಗಿನ ಗಾಳಿಚೀಲಗಳವರೆಗೂ ಹೋಗುತ್ತದೆ. ನಮಗೆ ಕಣ್ಣುರಿ ತರುವ ಹೊಗೆ ಅದಕ್ಕೆ ಪ್ರಾಣಕ್ಕೇ ಬಂದೀತು.

ಕಾವು ತಾಕಿದ ಮೇಲೆ ಕಿವಿಗೆ ಕೆಲಸ. ಮರಿ ಕೂಗಲು ಶುರು ಮಾಡುತ್ತದೆ. ಗಟ್ಟಿಯಾಗಿ, ಬಿಡಿಬಿಡಿಯಾಗಿ, ಕೊನೆಗೆ ಇಳಿಯುವ ದನಿಯಲ್ಲಿ ಕೂಗಿದರೆ ಅದಕ್ಕೆ ಏನೋ ಬೇಕಾಗಿದೆ: ತಾಯಿ, ಕಾವು, ಜೊತೆ. ಆ ಅಳು ಕೇಳಿದರೆ ನನಗೆ ಧೈರ್ಯ. ಅಳುವಷ್ಟು ಶಕ್ತಿ ಇದೆಯಲ್ಲ! ಒಂದೇ ಸಮನೆ ಅಳುತ್ತಿದ್ದದ್ದು ತಣ್ಣಗಿನ ಮೈಯಲ್ಲಿ ಸುಮ್ಮನಾದರೆ ಮಾತ್ರ ಓಡಿ ಹೋಗಿ ನೋಡಬೇಕು. ಹಿತವಾದಾಗ ಬರುವ ಸದ್ದೇ ಬೇರೆ. ಸಣ್ಣಗೆ, ಬೇಗ ಬೇಗ, ಒಂದಕ್ಕೊಂದು ಪೋಣಿಸಿಕೊಂಡ ಚಿಲಿಪಿಲಿ. ನಿದ್ದೆಗೆ ಜಾರುವಾಗ ಅದು ಇನ್ನೂ ನುಣುಪಾಗಿ ಕಂಪಿಸುತ್ತದೆ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಲೇ ಈ ಮೂರನ್ನೂ ಬೇರೆ ಮಾಡಿ ಕೇಳುವುದು ನನಗೀಗ ಅಭ್ಯಾಸವಾಗಿದೆ.

ನೀರು. ಬೆಲ್ಲ ಕರಗಿಸಿದ ಉಗುರುಬೆಚ್ಚಗಿನ ನೀರನ್ನು ಬೆರಳ ತುದಿಯಲ್ಲಿ ಅದ್ದಿ ಕೊಕ್ಕಿನ ಅಂಚಿಗೆ ಒಂದು ಹನಿ ತಾಕಿಸುವುದು. ಬಾಯಿ ಬಿಡಿಸಿ ಹಿಂಡಬಾರದು. ನಾಲಿಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ಇದೆ, ನೀರು ಅಲ್ಲಿಗೆ ಇಳಿದರೆ ಉಳಿಸಿಕೊಳ್ಳುವುದು ಕಷ್ಟ. ಕೋಳಿಗೆ ನೀರು ಹೀರಲು ಬಾರದು. ಕೊಕ್ಕಿನಲ್ಲಿ ತುಂಬಿಕೊಂಡು ತಲೆಯೆತ್ತಿ ಇಳಿಸಿಕೊಳ್ಳುತ್ತದೆ. ಅಂಚಿನ ಹನಿ ಒಳಕ್ಕೆ ಸರಿದು, ಮರಿ ತಾನಾಗಿ ತಲೆಯೆತ್ತಿ ಗಂಟಲು ಆಡಿಸಿದ ಆ ಕ್ಷಣಕ್ಕಾಗಿ ಎಷ್ಟು ಹೊತ್ತು ಬೇಕಾದರೂ ಕೂತಿರಬಲ್ಲೆ. ಒಮ್ಮೆ ರುಚಿ ಕಂಡರೆ ಎರಡನೆಯ ಹನಿಯನ್ನು ಅದೇ ಬೆರಳಿಂದ ಕಿತ್ತುಕೊಳ್ಳುತ್ತದೆ. ಆಮೇಲೆ ಕರಟದಲ್ಲಿ ನೀರಿಟ್ಟು, ಬೀಳದಂತೆ ನಾಲ್ಕು ಹರಳುಕಲ್ಲು ಹಾಕಿಡುತ್ತೇನೆ.

ಮೇವಿನ ಸರದಿ ಈಗ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಪುಡಿ ಮಾಡಿ, ಕುಟ್ಟಿದ ಅಕ್ಕಿನುಚ್ಚಿನ ಜೊತೆ ಗೋಣಿಯ ಮೇಲೆ ಉದುರಿಸಬೇಕು. ಹಲ್ಲಿಲ್ಲದ ಹಕ್ಕಿ, ಕಾಳು ಅರೆಯಲು ಚಿಟಿಕೆ ಸಣ್ಣ ಮರಳೂ ಬೇಕು. ಆದರೆ ಮರಿಗೆ ಅದು ತಿನ್ನುವ ವಸ್ತುವೆಂದು ಯಾರು ಹೇಳಬೇಕು? ಹೇಂಟೆಯಾದರೆ ಕೊಕ್ ಕೊಕ್ ಎಂದು ಕರೆದು, ಕಾಳನ್ನು ಕೊಕ್ಕಿನಲ್ಲಿ ಎತ್ತಿ ಮರಿಯ ಮುಂದೆಯೇ ಮತ್ತೆ ಬೀಳಿಸುತ್ತದೆ. ನಾನು ಉಗುರಿನಿಂದ ಗೋಣಿಯ ಮೇಲೆ ಟಕ್ ಟಕ್ ಕುಟ್ಟುತ್ತೇನೆ. ಮರಿ ಕತ್ತು ವಾಲಿಸಿ ಒಂದು ಕಣ್ಣಲ್ಲಿ ಉಗುರನ್ನು ನೋಡುತ್ತದೆ, ಇನ್ನೊಂದು ಕಣ್ಣಲ್ಲಿ ನೋಡುತ್ತದೆ, ಆಮೇಲೆ ಕುಕ್ಕುತ್ತದೆ. ಗುರಿ ತಪ್ಪುತ್ತದೆ. ಮತ್ತೆ ಕುಕ್ಕುತ್ತದೆ. ಮನೆಯಲ್ಲಿ ಯಾರಿದ್ದರೂ ಆಗ ಕರೆದು ತೋರಿಸಬೇಕೆನಿಸುತ್ತದೆ. ಕರೆದಿದ್ದೇನೆ ಕೂಡ. ಚೇತರಿಸಿಕೊಂಡ ಮೇಲೆ ಗೆದ್ದಲು. ಹಳೆಯ ಮಡಕೆಗೆ ಒದ್ದೆ ಸಗಣಿ, ಹುಲ್ಲು ತುಂಬಿ ಹುತ್ತದ ಬಳಿ ರಾತ್ರಿ ಬೋರಲು ಹಾಕಿಟ್ಟರೆ ಬೆಳಿಗ್ಗೆ ಗೆದ್ದಲು ಹತ್ತಿರುತ್ತದೆ. ಮರಿಗೆ ಮೈ ತುಂಬಲು ಅದರಂಥದ್ದು ಬೇರೆ ಇಲ್ಲ ಎನ್ನುವುದು ಅತ್ತೆಯ ಮಾತು, ನನ್ನದೂ.

ಅಡುಗೆಮನೆಯ ತಕ್ಕಡಿಯೂ ಈ ಕೆಲಸಕ್ಕೆ ಸೇರಿಕೊಂಡಿದೆ. ನಾಟಿಕೋಳಿಯ ಮರಿ ಹುಟ್ಟಿದಾಗ ಮೊಟ್ಟೆಯ ತೂಕದ ಮೂರನೇ ಎರಡು ಪಾಲು ಇರುತ್ತದೆ, ಅಂದರೆ 30 ಗ್ರಾಮಿನ ಆಚೀಚೆ. ಕಣ್ಣಿಗೆ ಕಾಣದ ಏರಿಳಿತ ತಕ್ಕಡಿಯಲ್ಲಿ ಕಾಣುತ್ತದೆ. ನಿನ್ನೆಗಿಂತ ಒಂದು ಗ್ರಾಂ ಏರಿದರೆ ಆ ದಿನವೆಲ್ಲ ನನ್ನ ಮನಸ್ಸು ಹಗುರ.

ಸೊರಗಲು ಕಾರಣ ಹಲವು. ಕೆಲವು ನಮ್ಮ ಕೈಯಲ್ಲೇ ಇವೆ. ಕಾವಿಗೆ ಕೂತ ಹೇಂಟೆಯ ಗೂಡಿಗೆ ಬೇರೆ ಕೋಳಿ ಬಂದು ಮೊಟ್ಟೆ ಇಟ್ಟು ಹೋಗುತ್ತದೆ. 21 ದಿನಕ್ಕೆ ಎಲ್ಲ ಒಡೆದರೂ ಆಮೇಲೆ ಸೇರಿದ್ದು ಹಿಂದೆ ಬೀಳುತ್ತದೆ. ತಾಯಿ ಒಂದೆರಡು ದಿನ ನೋಡಿ, ಹುಟ್ಟಿದವನ್ನು ಕರೆದುಕೊಂಡು ಎದ್ದು ಹೋಗುತ್ತದೆ. ಆದ್ದರಿಂದ ಕಾವಿಗೆ ಇಡುವಾಗಲೇ ಮೊಟ್ಟೆಗಳಿಗೆ ಇದ್ದಿಲಿನ ಗುರುತು ಹಾಕಿ, ಗುರುತಿಲ್ಲದ್ದನ್ನು ಆಗಾಗ ತೆಗೆಯುತ್ತಿರಬೇಕು. ಹಿಕ್ಕೆ ಒಣಗಿ ಹಿಂಭಾಗ ಮುಚ್ಚಿಕೊಂಡಿದ್ದರೆ ಕೀಳಬಾರದು. ಬಿಸಿನೀರಿನ ಹತ್ತಿಯಲ್ಲಿ ನೆನೆಸಿ ನೆನೆಸಿ ಬಿಡಿಸಿ, ಮೈ ಪೂರ್ತಿ ಒಣಗಿಸಿ, ಒಂದು ತೊಟ್ಟು ಕೊಬ್ಬರಿಎಣ್ಣೆ ಸವರಬೇಕು. ಕಾಲು ಹರಡಿಕೊಂಡಿದ್ದರೆ ಬ್ಯಾಂಡೇಜಿನ ಕಿರುಪಟ್ಟಿಯಿಂದ ಎರಡೂ ಕಾಲನ್ನು ನಿಲ್ಲುವಷ್ಟು ಅಂತರದಲ್ಲಿ ಸೇರಿಸಿ ಕಟ್ಟಬೇಕು. ಮೂಳೆ ಇನ್ನೂ ಎಳೆಯದಾಗಿರುವ ಮೊದಲ ದಿನಗಳಲ್ಲೇ ಕಟ್ಟಿದರೆ ಬೇಗ ನೆಟ್ಟಗಾಗುತ್ತದೆ.

ಮೂರು ನಾಲ್ಕು ವಾರದ ಮರಿಯ ಹಿಕ್ಕೆಯಲ್ಲಿ ರಕ್ತ ಕಂಡರೆ ಮನೆಮದ್ದಿಗೆ ಹೊತ್ತು ಕಳೆಯಬೇಡಿ. ಒದ್ದೆ ಹೊಟ್ಟಿನಲ್ಲಿ ಹಬ್ಬುವ ಕಾಕ್ಸಿಡಿಯಾ ರೋಗ ಅದು, ಪಶುವೈದ್ಯರು ಕೊಡುವ ಆಂಪ್ರೋಲಿಯಂ ಬೇಕು. ರೋಗಾಣು ಬಿ1 ಜೀವಸತ್ವ ಹೀರದಂತೆ ತಡೆಯುವುದೇ ಆ ಔಷಧದ ಕೆಲಸ. ಹಾಗಾಗಿ ಅದರ ಜೊತೆಗೆ ಶಕ್ತಿ ಬರಲೆಂದು ಬಿ ವಿಟಮಿನ್ ಹನಿ ಹಾಕಿದರೆ ಔಷಧದ ಬಲ ಕುಗ್ಗುತ್ತದೆ. ಹಳ್ಳಿಯಲ್ಲಿ ಕೊಕ್ಕರೆ ರೋಗ ಎನ್ನುವ ರಾಣಿಖೇತ್‌ಗಂತೂ ಔಷಧವೇ ಇಲ್ಲ. ಮೊದಲ ವಾರದ ಕೊನೆಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಲಸಿಕೆ, ಅದೂ ಗಟ್ಟಿ ಇರುವ ಮರಿಗೆ ಮಾತ್ರ. ಬೆಂಗಳೂರಿನ ಹೆಬ್ಬಾಳದ ಸರ್ಕಾರಿ ಸಂಸ್ಥೆ ಕೋಳಿಗಳ ಲಸಿಕೆ ತಯಾರಿಸುತ್ತದೆ. ಅದನ್ನು ಮಂಜುಗಡ್ಡೆಯ ಜೊತೆಗೇ ಮನೆಗೆ ತರಬೇಕು. ಕಾಯಿಲೆಯ ಮರಿ ಮನೆಯಲ್ಲಿರುವಾಗ ಗಟ್ಟಿ ಕೋಳಿಗಳಿಗೆ ಮೊದಲು ಮೇವು ಹಾಕಿ, ಕಾಯಿಲೆಯದ್ದನ್ನು ಕೊನೆಗೆ ಮುಟ್ಟಿ ಕೈ ತೊಳೆಯುವುದು ನಮ್ಮ ಮನೆಯ ಕಟ್ಟಳೆ.

ಎಲ್ಲವೂ ಉಳಿಯುವುದಿಲ್ಲ. ಕಾಲು ಬೆಚ್ಚಗಾಗಿ, ಹನಿ ಕುಡಿದು, ರಾತ್ರಿ ಚೆನ್ನಾಗಿ ಮಲಗಿದ್ದು ಬೆಳಗಿಗೆ ಇಲ್ಲದಿರುವುದೂ ಉಂಟು. ಆ ಬೆಳಿಗ್ಗೆ ನನಗೆ ಕಾಫಿ ರುಚಿಸುವುದಿಲ್ಲ. ಪೇಟೆಯಲ್ಲಿ ಬೇಕಾದಷ್ಟು ಮರಿ ಸಿಗುತ್ತದಲ್ಲ, ಒಂದಕ್ಕೆ ಇಷ್ಟು ಯಾಕೆ ಎನ್ನುವವರಿದ್ದಾರೆ. ಸಿಗುವುದು ಬೇರೆ ಮರಿ. ನನ್ನ ಬೊಗಸೆಯಲ್ಲಿ ಬೆಚ್ಚಗಾಗುತ್ತಿರುವುದು ಇದು.

ಒಂಟಿ ಮರಿ ಎಷ್ಟು ಕಾವಿದ್ದರೂ ಕೊರಗುತ್ತದೆ. ಅದಕ್ಕೇ ಬುಟ್ಟಿಗೆ ಹಾಕುವಾಗಲೇ ಅದೇ ಹೇಂಟೆಯ ಗಟ್ಟಿ ಮರಿಯೊಂದನ್ನು ಜೊತೆಗೆ ತರುತ್ತೇನೆ. ರೋಗ ಅಂಟುವ ಲಕ್ಷಣವಿದ್ದರೆ ತರುವುದಿಲ್ಲ. ಜೊತೆ ಇಲ್ಲದಿದ್ದರೆ ಮರಿ ನಮ್ಮನ್ನೇ ತಾಯಿ ಎಂದುಕೊಳ್ಳುತ್ತದೆ. 1873ರಲ್ಲೇ ಡಗ್ಲಸ್ ಸ್ಪಾಲ್ಡಿಂಗ್ ಎಂಬ ಬ್ರಿಟಿಷ್ ಸಂಶೋಧಕ, ಹುಟ್ಟಿದ ಹೊಸತರಲ್ಲಿ ಮರಿಗಳು ಚಲಿಸುವ ಏನನ್ನೇ ಆದರೂ ಹಿಂಬಾಲಿಸುವುದನ್ನು ಬರೆದಿಟ್ಟಿದ್ದಾನೆ. ಸೀರೆಯ ನೆರಿಗೆಯ ಹಿಂದೆ ಮರಿ ಓಡಿಬರುವುದು ಬಹಳ ಇಷ್ಟವೇ, ಆದರೆ ಮರಿಗೆ ಹದ್ದು ಬಂದಾಗ ಕೂಗಿ ಎಚ್ಚರಿಸುವ ತಾಯಿ ಬೇಕು. ನಾನು ಆ ಕೂಗು ಕೂಗಲಾರೆ.

ಹೇಂಟೆಗೆ ಒಪ್ಪಿಸುವ ಹೊತ್ತು ಕತ್ತಲಾದ ಮೇಲೆ. ಹಗಲಲ್ಲಿ ಬಿಟ್ಟರೆ ಹೊಸದೆಂದು ಕುಕ್ಕಿ ಓಡಿಸೀತು. ಒಡ್ಡಿಯಲ್ಲಿ ಅದು ಮುದುರಿ ಕೂತಾಗ ಹಿಂದಿನಿಂದ ಕೈ ತೂರಿಸಿ, ರೆಕ್ಕೆಯಡಿಗೆ ಎರಡೂ ಮರಿಯನ್ನು ಸೇರಿಸಿಬಿಡಬೇಕು. ಬೆಳಿಗ್ಗೆ ಎಲ್ಲರ ನಡುವಿಂದ ಅವೂ ಇಳಿದು ಬಂದರೆ ಸಾಮಾನ್ಯವಾಗಿ ತಾಯಿ ತಕರಾರು ತೆಗೆಯುವುದಿಲ್ಲ. ತೆಗೆದರೆ ಜೋಡಿ ಮತ್ತೆ ಬುಟ್ಟಿಗೆ, ಪುಕ್ಕ ಮೂಡುವವರೆಗೆ ನನ್ನ ಪಾಲಿಗೆ. ಒಪ್ಪಿದರೂ ನಾನು ಅಷ್ಟಕ್ಕೇ ಬಿಡುವವಳಲ್ಲ. ಇನ್ನೂ ಕೆಲವು ರಾತ್ರಿ ಟಾರ್ಚು ಹಿಡಿದು ಹೋಗಿ, ಆ ಮರಿಯನ್ನು ಹುಡುಕಿ ತೆಗೆದು ತಕ್ಕಡಿಗೆ ಇಟ್ಟು ನೋಡಿಯೇ ವಾಪಸು ಇಡುವುದು. ಹೇಂಟೆ ಕೈಗೆ ಕುಕ್ಕುತ್ತದೆ. ಕುಕ್ಕಲಿ, ಮರಿಯ ತೂಕ ಏರಿದೆ.