ಮಾರಿಕಣಿವೆಯ ದಾರಿಯಲ್ಲಿ ಎರಡು ಲೆಕ್ಕ

ಬೆಂಗಳೂರು–ಪುಣೆ ಹೆದ್ದಾರಿಯಿಂದ ಹಿರಿಯೂರಿನಲ್ಲಿ ಇಳಿದು ಹೊಸದುರ್ಗದ ರಸ್ತೆ ಹಿಡಿದರೆ, ತೆಂಗು ಅಡಿಕೆಯ ತೋಟಗಳು ಮುಗಿಯುವ ಮೊದಲೇ ಗುಡ್ಡಗಳು ಎದುರಾಗುತ್ತವೆ. ನಾನು ಹೊರಟದ್ದು ಮಾರಿಕಣಿವೆಯ ಅಣೆಕಟ್ಟೆಗೆ. ಎಂಜಿನಿಯರಿಂಗ್ ಮುಗಿಸಿ, ಹೊರದೇಶದಲ್ಲಿ ತಂತ್ರಜ್ಞಾನವನ್ನೂ ವ್ಯವಹಾರ ನಿರ್ವಹಣೆಯನ್ನೂ ಒಟ್ಟಿಗೆ ಕಲಿಸುವ ಸ್ನಾತಕೋತ್ತರ ಪದವಿ ಓದಬೇಕೆನ್ನುವ ಮಕ್ಕಳು ಈ ಬಯಲುಸೀಮೆಯಲ್ಲೂ ಈಗ ಇದ್ದಾರೆ. ವಿಮಾನ ಹತ್ತುವ ಮೊದಲು ಅವರು ಈ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು ಎಂಬುದು ನನ್ನ ಆಸೆ. ಆ ಓದು ಯಾತಕ್ಕೆ ಬೇಕು ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಕಣಿವೆಮಾರಮ್ಮನ ಗುಡಿ ದಾಟಿ ಮೇಲೆ ಬಂದರೆ, ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡ ನಿಂತ ಕಲ್ಲಿನ ಗೋಡೆ. 1907ರಲ್ಲಿ ಮುಗಿದ ಈ ಕಟ್ಟೆಗೆ ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು. ಹಿಡಿಯುವ ನೀರು ಸುಮಾರು 30 ಟಿಎಂಸಿ, ಪೂರ್ಣ ಮಟ್ಟ 130 ಅಡಿ. ಶತಮಾನ ಕಳೆದರೂ ಗೋಡೆ ಜಗ್ಗಿಲ್ಲ. ಆದರೆ 1933ರಲ್ಲಿ ಕೋಡಿ ಬಿದ್ದ ಈ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ, ಅದೂ ಭದ್ರೆಯ ನೀರು ಇತ್ತ ಹರಿಯತೊಡಗಿದ ನಂತರ. ಕಟ್ಟುವ ಲೆಕ್ಕ ಒಂದು. ಎಷ್ಟು ವರ್ಷಕ್ಕೆ ಎಷ್ಟು ನೀರು ಬಂದೀತು, ಅದು ಎಷ್ಟು ಅಚ್ಚುಕಟ್ಟಿಗೆ ಹರಿದೀತು, ಹಾಕಿದ ದುಡ್ಡು ಯಾವಾಗ ತಿರುಗಿ ಬಂದೀತು ಎಂಬ ಲೆಕ್ಕ ಇನ್ನೊಂದು. ಮೊದಲನೆಯದು ಗೆದ್ದ ಕಡೆ ಎರಡನೆಯದು ದಶಕಗಟ್ಟಲೆ ಮಳೆಯ ದಾರಿ ನೋಡಿತು. ಹಾಗೆಂದು ಕಟ್ಟೆ ಸೋತಿತು ಎನ್ನಲಾರೆ. ತುಂಬದ ವರ್ಷಗಳಲ್ಲೂ ಹಿರಿಯೂರಿನ ತೋಟಗಳನ್ನು, ಚಿತ್ರದುರ್ಗದ ನಲ್ಲಿಗಳನ್ನು ಸಾಕಿದ್ದು ಇದೇ ನೀರು. ಬರಗಾಲದಲ್ಲಿ ಊರು ಬಿಟ್ಟು ಹೋಗದೆ ಉಳಿದ ಕುಟುಂಬದ ಲಾಭವನ್ನು ಯಾವ ಖಾತೆಗೆ ಬರೆಯುವುದು? ಎಂಜಿನಿಯರನೊಬ್ಬನೇ ಇದಕ್ಕೆ ಉತ್ತರಿಸಲಾರ, ಲೆಕ್ಕಿಗನೊಬ್ಬನೇ ಕೂಡ ಉತ್ತರಿಸಲಾರ.

ಈ ಎರಡನ್ನೂ ಒಂದೇ ತಲೆಯಲ್ಲಿ ಕೂರಿಸುವ ಪ್ರಯತ್ನ ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯದಲ್ಲಿ 1920ರ ದಶಕದಲ್ಲೇ ಶುರುವಾಯಿತು. ಜರ್ಮನಿಯಲ್ಲಿ ಅದು ಇಂದಿಗೂ ಗೌರವದ ಓದು. ಅಮೆರಿಕದ ಎಂಐಟಿ 1988ರಲ್ಲಿ ಎಂಜಿನಿಯರಿಂಗ್ ಪದವಿಗೆ ಎಂಬಿಎ ಜೋಡಿಸಿ, ನಡುವೆ ಆರು ತಿಂಗಳು ಕಂಪನಿಯೊಳಗೆ ಕೆಲಸ ಮಾಡಿಸುವ ಕೋರ್ಸು ತೆರೆಯಿತು. ಅಲ್ಲಿಗೆ ಸೇರಲು ಕನಿಷ್ಠ ಎರಡು ವರ್ಷದ ಅನುಭವ ಬೇಕು. ನನ್ನ ವಾದ ನಿಂತಿರುವುದು ಈ ಷರತ್ತಿನ ಮೇಲೆ. ಈ ಓದಿಗೆ ಹೋಗಿ, ಆದರೆ ಒಂದು ಪ್ರಶ್ನೆ ಕಟ್ಟಿಕೊಂಡು ಹೋಗಿ. ಪ್ರಶ್ನೆ ಹುಟ್ಟುವುದು ಕೆಲಸದಲ್ಲಿ. ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಪ್ರಾಂತ್ಯದ ಸೇವೆಗೆ ಸೇರಿದವರು. ಜಪಾನ್ ನೋಡಿದ್ದು 1898ರಲ್ಲಿ. ಹದಿನಾಲ್ಕು ವರ್ಷ ನಾಲೆ, ನೀರು, ಅಂದಾಜುಪಟ್ಟಿಗಳ ನಡುವೆ ಕಳೆದ ಕಣ್ಣಿಗೆ ಅಲ್ಲಿನ ಕಾರ್ಖಾನೆ, ಶಾಲೆಗಳಲ್ಲಿ ಏನು ಹುಡುಕಬೇಕೆಂಬುದು ಗೊತ್ತಿತ್ತು. ಮೈಸೂರಿನ ದಿವಾನರಾದ ಮೇಲೆ ಅವರ ಕಾಲದಲ್ಲಿ 1913ಕ್ಕೆ ಮೈಸೂರು ಬ್ಯಾಂಕು, 1917ಕ್ಕೆ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಬಂದವು. ಬ್ಯಾಂಕು ಕಾಲೇಜಿಗಿಂತ ಮೊದಲು ಬಂತು ಎಂಬುದನ್ನು ನಾನು ಆಕಸ್ಮಿಕ ಎಂದುಕೊಂಡಿಲ್ಲ.

ಇಂಥದ್ದನ್ನು ನಮ್ಮಲ್ಲೇ ಓದಬಹುದಲ್ಲ ಎನ್ನುವವರಿದ್ದಾರೆ. ನಿಜ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಎಂಜಿನಿಯರಿಂಗ್ ಪದವೀಧರರಿಗೆ ನಿರ್ವಹಣಾ ಪದವಿಯಿದೆ. ಪಾಠಕ್ಕಾಗಿ ಮಾತ್ರವೇ ಆದರೆ ಸಾಲ ಮಾಡಿ ಸಮುದ್ರ ದಾಟಬೇಕಿಲ್ಲ. ಬೇರೆ ದೇಶದ ಕಾರ್ಖಾನೆಯೊಳಗೆ ನಿಂತು ಕಲಿಯುವುದಿದ್ದರೆ ಮಾತ್ರ ಆ ಖರ್ಚಿಗೆ ಅರ್ಥವಿದೆ. ಖರ್ಚೂ ಸಣ್ಣದಲ್ಲ. ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲದಿದ್ದರೂ, ವೀಸಾಕ್ಕೆ ಮೊದಲು ಒಂದು ವರ್ಷದ ಜೀವನವೆಚ್ಚವಾಗಿ 11,904 ಯೂರೋ ಖಾತೆಯಲ್ಲಿ ತೋರಿಸಬೇಕೆಂಬುದು 2024ರ ನಿಯಮ. ಅಮೆರಿಕದ ಶುಲ್ಕದ ಮುಂದೆ ಅದು ಏನೂ ಅಲ್ಲ. ಪದವಿ ಮುಗಿಸಿದ ಕೂಡಲೇ ಜಮೀನು ಅಡವಿಟ್ಟು ಹೋದ ಹುಡುಗನ ಸಾಲವೆಲ್ಲ ಒಂದೇ ದೇಶದ ವೀಸಾ ನೀತಿಯ ಮೇಲೆ ನಿಲ್ಲುತ್ತದೆ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಹೊಸ ಎಚ್-1ಬಿ ಉದ್ಯೋಗ ವೀಸಾ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಿಸಿತು. ಅಲ್ಲೇ ಓದಿ ವೀಸಾ ಬದಲಿಸಿಕೊಳ್ಳುವವರಿಗೆ ಅದು ಅನ್ವಯಿಸದು ಎಂಬ ಸ್ಪಷ್ಟನೆ ಬರಲು ಒಂದು ತಿಂಗಳು ಹಿಡಿಯಿತು. ಆ ಒಂದು ತಿಂಗಳು ಸಾಲಗಾರ ಮನೆಗಳಲ್ಲಿ ಹೇಗೆ ಕಳೆದಿರಬೇಕು! ಅದೇ ಎರಡು ವರ್ಷ ದುಡಿದು ಹೋದವನಿಗೆ ಕೈಯಲ್ಲಿ ಒಂದಿಷ್ಟು ಉಳಿತಾಯವಿರುತ್ತದೆ, ಹಿಂತಿರುಗಿದರೆ ಹಿಡಿಯಲೊಂದು ಕಸುಬಿರುತ್ತದೆ.

ಕೆಲಸಕ್ಕೆ ಸೇರಿದರೆ ಓದು ಕೈತಪ್ಪುತ್ತದೆ ಎಂಬ ಆಕ್ಷೇಪ ಗಟ್ಟಿಯಾದದ್ದು. ಹೆಣ್ಣುಮಕ್ಕಳ ವಿಷಯದಲ್ಲಂತೂ ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಕಾಯುವ ಎರಡು ವರ್ಷದಲ್ಲಿ ಮದುವೆ ನಿಶ್ಚಯವಾಗಿ ಅರ್ಜಿ ಪೆಟ್ಟಿಗೆ ಸೇರುವುದಾದರೆ, ಆಕೆ ಕಾಯಬೇಕಿಲ್ಲ. ಕೊನೆಯ ವರ್ಷದ ಪ್ರಾಜೆಕ್ಟನ್ನೇ ಇಲ್ಲಿನ ಈರುಳ್ಳಿ ದಾಸ್ತಾನಿನ ಮೇಲೋ, ಶೇಂಗಾ ಎಣ್ಣೆ ಗಿರಣಿಗಳ ಮೇಲೋ, ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳ ಮೇಲೋ ಮಾಡಿ, ಆ ಪ್ರಶ್ನೆಯನ್ನೇ ಕಟ್ಟಿಕೊಂಡು ಹೊರಡಲಿ. ಹೋದವರು ತಿರುಗಿ ಬರುವುದಿಲ್ಲ ಎಂಬ ಮಾತು ನನ್ನನ್ನು ಅಷ್ಟು ಕಾಡುವುದಿಲ್ಲ. ಊರಿನ ಪ್ರಶ್ನೆ ಹೊತ್ತವರು ದೂರದಲ್ಲಿದ್ದೂ ಅದನ್ನು ಬಿಡಿಸುತ್ತಾರೆ.

ಹಿರಿಯೂರಿಗೆ ಮರಳಿ ಚಳ್ಳಕೆರೆಯ ಕಡೆ ತಿರುಗಿದೆ. ಕುದಾಪುರದ ಸುತ್ತ ಅಮೃತಮಹಲ್ ಕಾವಲಿನ ಸುಮಾರು 10 ಸಾವಿರ ಎಕರೆ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹೋಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಅಲ್ಲೇ ಇದೆ. 2017ರಲ್ಲಿ ವಿಮಾನಗಳನ್ನು ಪರೀಕ್ಷಿಸುವ ನೆಲೆಯೂ ತೆರೆಯಿತು. ದೇಶಕ್ಕೆ ಅದು ಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ಹಾಗೆ ಹೋದ ಹುಲ್ಲುಗಾವಲು ಕುರಿಗಾಹಿಗಳಿಗೆ ಮೇವಾಗಿತ್ತು, ಕಂಬಳಿ ನೇಯುವವರಿಗೆ ಉಣ್ಣೆಯಾಗಿತ್ತು. ಅದರ ಬೆಲೆಯನ್ನು ಯೋಜನೆಯ ಕಾಗದದ ಯಾವ ಸಾಲಿನಲ್ಲಿ ಬರೆಯಬೇಕಿತ್ತು? ಬೇಲಿಯ ಈಚೆ ಉಳಿದ ಹುಲ್ಲು ಮೊಣಕಾಲು ಮಟ್ಟ ಒಣಗಿ ನಿಂತಿತ್ತು. ಅದರ ಪಕ್ಕದಲ್ಲೇ ಚಳ್ಳಕೆರೆಯ ಪೇಟೆಗೆ ಹೋಗುವ ದಾರಿ.