ಮೂರು ಸಾವಿರ ನೋಡ್‌ಗಳ ವಸ್ತ್ರಾಲಯ

ಕೋರೆಲ್‌ಡ್ರಾದಲ್ಲಿ ಒಂದು ಫೋಟೊವನ್ನು ಗೆರೆಗಳಾಗಿಸಲು ಟ್ರೇಸ್‌ಗೆ ಕೊಟ್ಟರೆ ಕಿಟಕಿಯ ಒಂದು ಮೂಲೆಯಲ್ಲಿ ಮೂರು ಸಂಖ್ಯೆ ಕಾಣುತ್ತವೆ: ಕರ್ವ್ ಎಷ್ಟು, ಆ ಕರ್ವ್ ಹಿಡಿದಿಡುವ ಬಿಂದುಗಳಾದ ನೋಡ್ ಎಷ್ಟು, ಬಣ್ಣ ಎಷ್ಟು. ವರ್ಷಗಟ್ಟಲೆ ಆ ಕಿಟಕಿಯ ಮುಂದೆ ಕೂತರೂ ನಾನು ಓದುತ್ತಿದ್ದದ್ದು ಬಣ್ಣದ ಸಂಖ್ಯೆಯೊಂದನ್ನೇ. ಫ್ಲೆಕ್ಸ್ ಕೆಲಸಕ್ಕೆ ಅಷ್ಟು ಸಾಕು. ಪ್ರಿಂಟರ್ ಕೊನೆಗೆ ಎಲ್ಲವನ್ನೂ ಚುಕ್ಕೆಗಳಾಗಿ ಒಡೆದು ಶಾಯಿ ಚಿಮ್ಮುತ್ತದೆ. ಅಕ್ಷರದ ಅಂಚಿನಲ್ಲಿ ಹತ್ತು ನೋಡ್ ಇದ್ದರೂ ಅದಕ್ಕೆ ಒಂದೇ, ಹತ್ತು ಸಾವಿರ ಇದ್ದರೂ ಒಂದೇ. ರೇಡಿಯಂ ಕಟಿಂಗ್, ಅಕ್ರಿಲಿಕ್ ಕಟಿಂಗ್‌ನ ಲೆಕ್ಕ ಬೇರೆ. ಅಲ್ಲಿ ಗೆರೆ ಅಂದರೆ ಅಲಗೋ ಲೇಸರೋ ನಡೆದು ಹೋಗಬೇಕಾದ ದಾರಿ. ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳಿ ಪಾರಾಗುವ ಹಾಗಿಲ್ಲ. ನನ್ನ ಬೋರ್ಡ್ ಅಂಗಡಿಗೆ ಕೆಲಸ ಕಲಿಯಲು ಬಂದ ಹುಡುಗರಿಗೆ ನಾನೇ ಹೇಳಿಕೊಡುತ್ತಿದ್ದ ಪಾಠ ಅದು.

2024ರ ಮೊದಲ ತಿಂಗಳುಗಳು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕೆಂದು ಬಿಬಿಎಂಪಿ ಫೆಬ್ರುವರಿ 28ರ ಗಡುವು ಕೊಟ್ಟಿತ್ತು. ಬೆಂಗಳೂರಿನ ಬೋರ್ಡ್ ಅಂಗಡಿಗಳಲ್ಲಿ ಊಟಕ್ಕೂ ಪುರುಸೊತ್ತಿರಲಿಲ್ಲ. ಬಂದವರಲ್ಲಿ ಹೆಚ್ಚಿನವರಿಗೆ ಬೇಕಾಗಿದ್ದದ್ದು ದಂಡ ಬೀಳದಷ್ಟು ಕನ್ನಡ. ಯಾವುದೋ ಫಾಂಟಿನಲ್ಲಿ ಹೆಸರು ಟೈಪ್ ಮಾಡಿ, ಕಂಟ್ರೋಲ್ ಕ್ಯೂ ಒತ್ತಿ ಕರ್ವ್ಸ್ ಮಾಡಿ ಕಳಿಸಿದರೆ ಮುಗಿಯಿತು.

ಮಾಗಡಿ ರಸ್ತೆ ಕಡೆಯ ಒಬ್ಬ ಯಜಮಾನರು ಮಾತ್ರ ಫಾಂಟುಗಳನ್ನು ನೋಡಲೇ ಇಲ್ಲ. ತಂದೆಯ ಕಾಲದ ತಗಡಿನ ಬೋರ್ಡನ್ನು ಅಟ್ಟದಿಂದ ಇಳಿಸಿ ತಮ್ಮ ಅಂಗಡಿಯ ಮುಂದೆ ಗೋಡೆಗೆ ಒರಗಿಸಿದ್ದರು. ಪೇಂಟರೊಬ್ಬರು ಎನಾಮೆಲ್ ಬಣ್ಣದಲ್ಲಿ ಬರೆದ ಅಕ್ಷರ. ಹೆಸರಿನ ಕೊನೆಗೆ ‘ವಸ್ತ್ರಾಲಯ’ ಎಂದಿತ್ತು. ‘ಇದೇ ಅಕ್ಷರ ಬೇಕಪ್ಪ, ಅಕ್ರಿಲಿಕ್‌ನಲ್ಲಿ, ಒಳಗೆ ಲೈಟು’ ಎಂದರು. ನಾನು ಮೊಬೈಲ್ ತೆಗೆದು ನಿಂತ ಕಡೆಯಿಂದಲೇ ಒಂದು ಫೋಟೊ ಹೊಡೆದೆ. ಮೂಲೆಯಲ್ಲಿ ಪೇಂಟರ್ ತನ್ನ ಹೆಸರು ಬರೆದುಕೊಂಡಿದ್ದ; ಕ್ರಾಪ್ ಮಾಡುವಾಗ ಅದು ಹೋಯಿತು. ಆಗ ಅದು ನನಗೆ ಕಸವಾಗಿ ಕಂಡಿತ್ತು.

ಆಮೇಲಿನದು ಚಹಾ ಕುಡಿಯುವಷ್ಟರಲ್ಲಿ ಆದ ಕೆಲಸ. ಔಟ್‌ಲೈನ್ ಟ್ರೇಸ್, ಅದರಲ್ಲಿ ‘ಡೀಟೇಲ್ಡ್ ಲೋಗೊ’, ಡೀಟೇಲ್ ಸ್ಲೈಡರ್ ಬಲಕ್ಕೆ. ತೆರೆಯ ಮೇಲೆ ಅಕ್ಷರ ಫೋಟೊದ ಮೇಲೆ ಕರಾರುವಾಕ್ಕಾಗಿ ಕೂತಿತ್ತು. ಎರಡಡಿ ಎತ್ತರಕ್ಕೆ ಎಳೆದೆ. ವೆಕ್ಟರ್ ತಾನೇ, ಎಷ್ಟು ಎಳೆದರೂ ಒಡೆಯುವುದಿಲ್ಲ! ಗಿರಾಕಿಗಳಿಗೆ ನಾವು ಹೆಮ್ಮೆಯಿಂದ ಹೇಳುವ ಈ ಮಾತು ನಿಜವೇ. ಅದರ ಜೊತೆಗೆ ಹೇಳದೆ ಬಿಡುವ ಇನ್ನೊಂದು ಮಾತಿದೆ: ಗೆರೆಯಲ್ಲಿ ಕೊಳೆ ಇದ್ದರೆ ಅದೂ ಒಡೆಯದೆ ದೊಡ್ಡದಾಗುತ್ತದೆ.

ಪೀಣ್ಯದ ಲೇಸರ್ ಕಟಿಂಗ್ ಹುಡುಗ ಅಂದು ಸಂಜೆಯೇ ಫೋನ್ ಮಾಡಿದ. ‘ಅಣ್ಣಾ, ಈ ಫೈಲ್ ನೋಡ್ಕೊಂಡೇ ಕಳ್ಸಿದ್ರಾ? ಮಿಷನ್ ತಡೆದು ತಡೆದು ಓಡುತ್ತೆ.’ ವಾಟ್ಸಾಪ್‌ನಲ್ಲಿ ಅದರ ಚಿತ್ರವನ್ನೂ ಹಾಕಿದ್ದ. ನಾನು ಚಿತ್ರ ತೆರೆಯಲಿಲ್ಲ. ‘ಕಟ್ ಮಾಡೋ, ಟೈಮಿಲ್ಲ’ ಅಂದೆ.

ಬೋರ್ಡು ಏರಿತು. ಯಜಮಾನರು ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಬಹಳ ಹೊತ್ತು ನೋಡಿದರು. ‘ಅಕ್ಷರಕ್ಕೆ ಚಳಿಜ್ವರ ಬಂದ ಹಾಗಿದೆಯಲ್ಲಪ್ಪ’ ಎಂದರು. ನಿಜ. ವ ಅಕ್ಷರದ ದುಂಡು ಅಂಚು ಸಣ್ಣ ಸಣ್ಣ ಮಡಿಕೆಯಾಗಿ ಅದುರುತ್ತಿತ್ತು, ಒಳಗಿನ ಲೈಟು ಪ್ರತಿ ಉಬ್ಬನ್ನೂ ಎತ್ತಿ ತೋರಿಸುತ್ತಿತ್ತು. ಸ್ತ್ರಾ ಕೆಳಗಿನ ತ-ಒತ್ತು, ರ-ಒತ್ತು ಎರಡೂ ಕರಗಿ ಮುದ್ದೆಯಾಗಿದ್ದವು.

‘ಲೇಸರ್‌ನವನು ಸ್ಪೀಡ್ ತಪ್ಪು ಇಟ್ಟಿದ್ದಾನೆ’ ಎಂದೆ. ಆ ಮಾತು ಎಷ್ಟು ಸಲೀಸಾಗಿ ಬಾಯಿಗೆ ಬಂತೆಂದರೆ, ಅಂಗಡಿಗೆ ವಾಪಸ್ ಬರುವಷ್ಟರಲ್ಲಿ ನಾನೇ ಅದನ್ನು ನಂಬಿದ್ದೆ. ಆ ಹುಡುಗನ ಬಿಲ್ಲಿನಲ್ಲಿ ಅರ್ಧ ಶೀಟಿನ ದುಡ್ಡು ಮುರಿದುಕೊಂಡೆ. ಅವನು ಜಗಳಕ್ಕೆ ಬರಲಿಲ್ಲ, ಅದೇ ಚಿತ್ರವನ್ನು ಇನ್ನೊಮ್ಮೆ ಕಳಿಸಿದ, ಅಷ್ಟೇ. ಈ ಸಲ ತೆರೆದೆ. ಬಣ್ಣವಿಲ್ಲದೆ ಬರೀ ಗೆರೆ ತೋರಿಸುವ ವೈರ್‌ಫ್ರೇಮ್‌ನಲ್ಲಿ ಅಕ್ಷರದ ಅಂಚೇ ಕಾಣುತ್ತಿರಲಿಲ್ಲ, ನೋಡ್‌ಗಳು ಒಂದಕ್ಕೊಂದು ಅಂಟಿಕೊಂಡು ಕಪ್ಪು ಪಟ್ಟಿಯಾಗಿದ್ದವು. ನನ್ನ ಫೈಲ್ ತೆರೆದು ಶೇಪ್ ಟೂಲ್‌ನಲ್ಲಿ ಎಲ್ಲವನ್ನೂ ಆಯ್ದು ನೋಡಿದರೆ ಮೂರು ಸಾವಿರ ದಾಟಿದ್ದವು. ಟ್ರೇಸ್ ತನ್ನ ಕೆಲಸವನ್ನು ನಿಯತ್ತಾಗಿ ಮಾಡಿತ್ತು. ಎನಾಮೆಲ್ ಎದ್ದುಹೋದ ಜಾಗ, ತುಕ್ಕಿನ ಕಲೆ, ಫೋಟೊದ ಚೌಕುಳಿ, ಎಲ್ಲವನ್ನೂ ಅಕ್ಷರದ ಅಂಚೆಂದೇ ನಂಬಿ ಸುತ್ತು ಹಾಕಿತ್ತು. ಲೇಸರಿನ ತಲೆ ಪ್ರತಿ ಮೂಲೆಯಲ್ಲೂ ವೇಗ ಇಳಿಸುತ್ತದೆ. ವೇಗ ಇಳಿದಲ್ಲಿ ಶಾಖ ಹೆಚ್ಚು ಹೊತ್ತು ನಿಲ್ಲುತ್ತದೆ, ಅಕ್ರಿಲಿಕ್ ಕರಗುತ್ತದೆ. ಒತ್ತಕ್ಷರಗಳು ಮುದ್ದೆಯಾದದ್ದು ಹೀಗೆ.

ನೋಡ್‌ಗಳಿಂದ ಬಾಗುವ ಈ ಗೆರೆ ಹುಟ್ಟಿದ್ದೇ ಯಂತ್ರಕ್ಕೆ ದಾರಿ ಹೇಳುವುದಕ್ಕೆ ಎಂಬುದು ನನಗೆ ಆಗ ಚುಚ್ಚಿದ ಸಂಗತಿ. 1959ರಲ್ಲಿ ಸಿಟ್ರೊಯೆನ್ ಕಾರ್ಖಾನೆಯಲ್ಲಿ ಪಾಲ್ ಡಿ ಕಾಸ್ಟೆಲ್ಜೊ, ಆಮೇಲೆ 60ರ ದಶಕದಲ್ಲಿ ರೆನೊ ಕಾರ್ಖಾನೆಯಲ್ಲಿ ಪಿಯರ್ ಬೆಜಿಯೆ, ಕಾರಿನ ಮೈಯ ಬಾಗುಗಳನ್ನು ಕೆಲವೇ ಬಿಂದುಗಳಲ್ಲಿ ಹಿಡಿಯುವ ಉಪಾಯ ಹುಡುಕಿದರು. ಮೊದಲಿನವರ ಕೆಲಸವನ್ನು ಕಂಪನಿ ಗುಟ್ಟಾಗಿ ಇಟ್ಟಿತು. ಪ್ರಕಟಿಸಿದ ಬೆಜಿಯೆ ಹೆಸರು ಗೆರೆಗೆ ಉಳಿಯಿತು. ಕೆಲವೇ ಬಿಂದುಗಳು ಎಂಬುದೇ ಇಲ್ಲಿಯ ಜೀವ. ಇಡೀ ವೃತ್ತಕ್ಕೆ ನಾಲ್ಕು ನೋಡ್ ಸಾಕು. ಹ್ಯಾಂಡಲ್, ಅಂದರೆ ನೋಡ್‌ನಿಂದ ಹೊರಟು ಬಾಗು ತಿದ್ದುವ ಕಡ್ಡಿ, ಅದರ ಉದ್ದ ತ್ರಿಜ್ಯದ 0.552ರಷ್ಟಿದ್ದರೆ, ಒಂದಡಿ ತ್ರಿಜ್ಯದ ವೃತ್ತದಲ್ಲೂ ತಪ್ಪು ಮಿಲಿಮೀಟರಿನ ಹತ್ತನೇ ಒಂದು ಭಾಗವನ್ನು ಮುಟ್ಟುವುದಿಲ್ಲ. ದುಂಡಗಿನ ಕನ್ನಡಕ್ಕೆ ಇದಕ್ಕಿಂತ ಒಪ್ಪುವ ಉಪಾಯ ಬೇರೇನಿದೆ?

‘ರೆಡ್ಯೂಸ್ ನೋಡ್ಸ್’ ಗುಂಡಿ ಒತ್ತಿ ಬಚಾವಾಗಲು ನೋಡಿದೆ. ನೋಡ್ ಕಡಿಮೆಯಾದವು, ಜೊತೆಗೆ ಕುಂಚ ಎತ್ತಿದಲ್ಲಿ ಇದ್ದ ಚೂಪು ತುದಿಗಳೂ ಮೊಂಡಾದವು. ಗೆರೆ ಎಲ್ಲಿ ಕೊಳೆ, ಎಲ್ಲಿ ಅಕ್ಷರ ಎಂದು ಆ ಗುಂಡಿಗೆ ತಿಳಿಯುವುದಿಲ್ಲ. ನನಗೂ ತಿಳಿದಿರಲಿಲ್ಲ ಎಂಬುದು ಪೆನ್ ಟೂಲ್ ಹಿಡಿದು ಕೂತಾಗ ಬಯಲಾಯಿತು.

ಹೊಸದಾಗಿ ಫೋಟೊ ತೆಗೆದೆ, ಈ ಸಲ ಬೋರ್ಡಿಗೆ ನೇರ ಎದುರಿಗೆ ನಿಂತು. ಮೊದಲಿನದನ್ನು ಓರೆಯಾಗಿ ಹೊಡೆದಿದ್ದರಿಂದ ಅಕ್ಷರಗಳ ತಲೆಯೆಲ್ಲ ಕಿರಿದಾಗಿತ್ತು. ಅದನ್ನು ಯಾರೂ ಗಮನಿಸಿರಲಿಲ್ಲ, ಜ್ವರದ ಗದ್ದಲದಲ್ಲಿ ಮುಚ್ಚಿಹೋಗಿತ್ತು. ಫೋಟೊವನ್ನು ಮಸುಕು ಮಾಡಿ ಲಾಕ್ ಮಾಡಿದೆ. ಮೊದಲು ಅಂಚಿಗೆ ಕೈ ಹಾಕದೆ, ಕುಂಚ ನಡೆದ ನಡುದಾರಿಯನ್ನು ಬರೀ ಗೆರೆಯಾಗಿ ಎಳೆದೆ. ವ ಎಲ್ಲಿ ಶುರುವಾಯಿತು, ಎಲ್ಲಿ ಹೊರಳಿತು, ತಲೆಕಟ್ಟಿಗೆ ಪೇಂಟರ್ ಕುಂಚ ಎತ್ತಿದನೋ ಅಥವಾ ಒಂದೇ ಓಟದಲ್ಲಿ ಬಂದನೋ? ಮಗುವಾಗಿದ್ದಾಗಿನಿಂದ ಬರೆಯುತ್ತಿರುವ ಅಕ್ಷರ, ಹೇಳಲು ಆಗಲಿಲ್ಲ. ತಗಡಿನ ಮೇಲೆ ಬೆರಳಾಡಿಸಿ ಬಣ್ಣ ದಪ್ಪಗಿರುವ ಕಡೆ ಹುಡುಕಬೇಕಾಯಿತು. ತಲೆಕಟ್ಟು ಬೇರೆಯಾಗಿ ಬರೆದದ್ದು, ಕೊನೆಯಲ್ಲಿ.

ನಡುಗೆರೆ ಸರಿಯಾದ ಮೇಲೆ ದಪ್ಪ ಕೊಟ್ಟು, ಆ ಔಟ್‌ಲೈನನ್ನು ಆಬ್ಜೆಕ್ಟ್ ಮಾಡಿ, ಅಂಚನ್ನು ತಿದ್ದಲು ಹೊರಟೆ. ದುಂಡಿನ ತೀರಾ ಮೇಲೆ, ತೀರಾ ಕೆಳಗೆ, ಎಡದ ತುದಿ, ಬಲದ ತುದಿ: ನೋಡ್ ಅಲ್ಲಿ ಮಾತ್ರ, ಹ್ಯಾಂಡಲ್ ಅಡ್ಡವಾಗಿ ಇಲ್ಲವೇ ನೆಟ್ಟಗೆ. ಹೊರಳುವಲ್ಲಿ ನಯವಾದ ಸ್ಮೂತ್ ನೋಡ್, ಕುಂಚ ಎತ್ತಿದಲ್ಲಿ ಚೂಪಾದ ಕಸ್ಪ್. ಲ ಅಕ್ಷರದ ಸುರುಳಿ ಬಹಳ ಕಾಡಿತು; ಹೊರ ಅಂಚಿನ ನೋಡ್ ಸರಿಸಿದರೆ ಒಳಗಿನ ಬಿಳಿ ಜಾಗ ಕೆಡುತ್ತಿತ್ತು. ಕೊನೆಗೆ ಕಪ್ಪನ್ನು ನೋಡುವುದು ಬಿಟ್ಟು ಒಳಗಿನ ಬಿಳಿಯನ್ನೇ ಮೊದಲು ತಿದ್ದಿದೆ, ಆಗ ಸುರುಳಿ ಕೂತಿತು. ಒತ್ತುಗಳನ್ನು ಮೂಲಕ್ಕಿಂತ ತುಸು ಅಗಲಿಸಬೇಕಾಯಿತು. ಕುಂಚಕ್ಕೆ ಸಾಲುತ್ತಿದ್ದ ಸಂದು ಲೇಸರಿಗೂ ಒಳಗಿನ ಎಲ್‌ಇಡಿಗೂ ಸಾಲದು. ಒಂದರ ಮೇಲೊಂದು ಬಂದ ತುಂಡುಗಳನ್ನು ವೆಲ್ಡ್ ಮಾಡಿದೆ, ಇಲ್ಲದಿದ್ದರೆ ಯಂತ್ರ ಅಕ್ಷರದ ಹೊಟ್ಟೆಯೊಳಗೂ ಕೊಯ್ಯುತ್ತದೆ. ಇಡೀ ಬೋರ್ಡಿಗೆ ನೂರೈವತ್ತರೊಳಗೆ ನೋಡ್ ಮುಗಿದವು.

ಟ್ರೇಸ್ ಬಿಟ್ಟೆನೆಂದಲ್ಲ. ಸಹಿ, ಹೆಬ್ಬೆಟ್ಟಿನ ಗುರುತು, ಒಣಕುಂಚದ ಗೀರು ಬೇಕಾದಾಗ ಈಗಲೂ ಅದನ್ನೇ ಬಳಸುತ್ತೇನೆ. ಅಲ್ಲಿ ಅಂಚಿನ ಒರಟೇ ಚಿತ್ರ. ಕೈಯಲ್ಲಿ ಎಳೆದದ್ದೆಲ್ಲ ಶ್ರೇಷ್ಠ ಎನ್ನುವವರ ಜೊತೆ ನಾನು ಸೇರುವುದಿಲ್ಲ.

ಹೊಸ ಶೀಟು ನನ್ನ ಖರ್ಚು. ಹುಡುಗನಿಂದ ಮುರಿದುಕೊಂಡ ದುಡ್ಡು ವಾಪಸ್ ಕೊಟ್ಟೆ, ಯಜಮಾನರಿಗೂ ತಪ್ಪು ಯಾರದೆಂದು ಹೇಳಿದೆ. ‘ಅವತ್ತೇ ಗೊತ್ತಾಯ್ತು ಬಿಡಪ್ಪ, ನೀನು ಬೋರ್ಡ್ ನೋಡ್ತಾನೇ ಇರ್ಲಿಲ್ಲ’ ಎಂದರು. ದುಡ್ಡು ತೆಗೆದುಕೊಂಡರೂ ಆ ಹುಡುಗ ನನ್ನ ಫೈಲನ್ನು ಇನ್ನೂ ನಂಬುವುದಿಲ್ಲ. ಬೇರೆಯವರದು ನೇರ ಮಿಷನ್ನಿಗೆ ಹೋಗುತ್ತದೆ, ನನ್ನದು ಮೊದಲು ವೈರ್‌ಫ್ರೇಮ್‌ನಲ್ಲಿ ತೆರೆದುಕೊಳ್ಳುತ್ತದೆ. ಮೊನ್ನೆ ಒಂದನ್ನು ವಾಪಸ್ ಕಳಿಸಿದ. ಣ ಅಕ್ಷರದಲ್ಲಿ ಎರಡು ನೋಡ್ ಒಂದರ ಮೇಲೊಂದು ಕೂತಿದ್ದವು.