ಪಾಟಣದ ಪಟೋಲ, ಸೋದರಮಾವನ ಪಾನೇತರ

ತಾರಂಗಾ ಸಿದ್ಧಕ್ಷೇತ್ರದ ಯಾತ್ರೆಗೆ ಹೋದವರು ಪಾಟಣವನ್ನೂ ನೋಡಿ ಬರಬೇಕು. ತಾರಂಗಾ ಬೆಟ್ಟದ ಅಜಿತನಾಥ ಮಂದಿರವನ್ನು ಕಟ್ಟಿಸಿದ ಕುಮಾರಪಾಲ ಅರಸನ ರಾಜಧಾನಿ ಇದೇ ಊರು. ಆಚಾರ್ಯ ಹೇಮಚಂದ್ರರ ಉಪದೇಶ ಕೇಳಿ 12ನೇ ಶತಮಾನದಲ್ಲಿ ಪ್ರಾಣಿವಧೆಯನ್ನು ನಿಷೇಧಿಸಿದ ಅರಸನೀತ.

ಸೊಲ್ಲಾಪುರದಿಂದ ನಾವು ದಂಪತಿಗಳು ಅಲ್ಲಿಗೆ ಹೋಗಲು ಮನೆಯ ಕಾರಣವೂ ಇತ್ತು. ನಮ್ಮ ತಂಗಿಯ ಕಿರಿಯ ಮಗಳ ಲಗ್ನ ಗುಜರಾತಿ ಮನೆತನದಲ್ಲಿ ನಿಶ್ಚಯವಾಗಿದೆ. ಅವರ ಪದ್ಧತಿಯಂತೆ ಮದುಮಗಳಿಗೆ ಪಾನೇತರ ಸೀರೆ ಕೊಡುವವನು ಸೋದರಮಾವ. ಆದರೆ ಹುಡುಗಿ ರೇಷ್ಮೆ ಉಡುವುದಿಲ್ಲವೆಂದು ನಿಯಮ ತೆಗೆದುಕೊಂಡಿದ್ದಾಳೆ. ಹುಳವಿರುವಾಗಲೇ ಗೂಡನ್ನು ಕುದಿಸಿ ನೂಲು ತೆಗೆಯುವುದು ಎಲ್ಲರಿಗೂ ತಿಳಿದ ವಿಷಯ. ನಿಯಮವೂ ಉಳಿಯಬೇಕು, ಬೀಗರ ಮನಸ್ಸೂ ನೋಯಬಾರದು.

ಪಾಟಣದ ಸಾಳವಿ ನೇಕಾರರ ಪಟೋಲ ನೋಡುವಂಥದ್ದು. ಹಾಸಿನ ನೂಲು, ಹೊಕ್ಕಿನ ನೂಲು ಎರಡನ್ನೂ ನೇಯುವ ಮೊದಲೇ ಗಂಟು ಕಟ್ಟಿ ಬಣ್ಣದಲ್ಲಿ ಅದ್ದುತ್ತಾರೆ. ಮಗ್ಗದ ಮೇಲೆ ಒಂದರ ಬಣ್ಣಕ್ಕೆ ಇನ್ನೊಂದರ ಬಣ್ಣ ಸರಿಯಾಗಿ ಕೂಡಬೇಕು. ಒಂದು ಸೀರೆಗೆ ನಾಲ್ಕರಿಂದ ಆರು ತಿಂಗಳು. ಬೆಲೆ ಲಕ್ಷದ ಮೇಲೆ. ಎರಡೂ ಮೈ ಒಂದೇ ರೀತಿ ಕಾಣುತ್ತದೆ. ಅಗ್ಗದ ಛಾಪಾ ಸೀರೆಯನ್ನು ತಿರುವಿ ನೋಡಿದರೆ ಹಿಂಬದಿ ಮಂಕಾಗಿರುತ್ತದೆ. ಈ ನೇಕಾರರನ್ನು ಕುಮಾರಪಾಲನು ಜಾಲನಾ ಮತ್ತು ಕರ್ನಾಟಕದ ಕಡೆಯಿಂದ ಕರೆತಂದನೆಂಬ ಮಾತು ಪರಂಪರೆಯಿಂದ ಬಂದಿದೆ. ಕೇಳಿ ನಮಗೆ ಅಭಿಮಾನವೆನಿಸಿತು. ಆದರೆ ಅದೂ ರೇಷ್ಮೆಯೇ. ನೋಡಿ ಕೈಮುಗಿದು ಬಂದೆವು.

ಅಹಮದಾಬಾದಿನ ರತನಪೋಳ ಪೇಟೆಯಲ್ಲಿ ದಾರಿ ಸಿಕ್ಕಿತು. ಪಾನೇತರವೆಂದರೆ ಬಿಳಿ ಮೈ, ಕೆಂಪು ಅಂಚು, ಕೆಂಪು ಸೆರಗು. ಅದು ಆರ್ಟ್ ಸಿಲ್ಕಿನಲ್ಲಿಯೂ ದೊರೆಯುತ್ತದೆ. ಆ ನೂಲಿಗೆ ಹುಳದ ಸಂಬಂಧವಿಲ್ಲ. ಘರಚೋಳಾ ವರನ ಮನೆಯವರು ಕೊಡುವುದು: ಕೆಂಪು ಬಟ್ಟೆ, ಜರಿಯ ಚೌಕಳಿ, ಚೌಕಗಳೊಳಗೆ ಬಾಂಧಣಿಯ ಚುಕ್ಕಿ. ಬೀಗರಿಗೆ ಫೋನಿನಲ್ಲಿ ವಿಷಯ ತಿಳಿಸಿದೆವು. "ಹತ್ತಿಯ ಘರಚೋಳಾ ನಮ್ಮಲ್ಲಿ ಹಳೆಯ ವಾಡಿಕೆಯೇ, ಅದನ್ನೇ ತರುತ್ತೇವೆ" ಎಂದು ಬೀಗಿತ್ತಿಯವರೇ ಹೇಳಿದರು. ನಮ್ಮ ಭಾರ ಇಳಿಯಿತು.

ಉಡುವ ರೀತಿಯನ್ನು ನಮ್ಮ ಮನೆಯವರು ಅಂಗಡಿಯಲ್ಲೇ ಕೇಳಿಕೊಂಡರು. ಸೊಂಟಕ್ಕೆ ಒಂದು ಸುತ್ತು ಸುತ್ತಿ, ಸೆರಗನ್ನು ಬೆನ್ನಿನ ಮೇಲಿಂದ ಬಲಭುಜಕ್ಕೆ ತಂದು ಮುಂದೆ ಇಳಿಬಿಡಬೇಕು. ಅದರ ಒಂದು ತುದಿಯನ್ನು ಎದೆಯ ಮೇಲೆ ಹರಡಿ ಎಡಸೊಂಟಕ್ಕೆ ಸಿಕ್ಕಿಸಬೇಕು. ಉಳಿದ ಬಟ್ಟೆಗೆ ಮುಂದೆ ನೆರಿಗೆ. ಹೀಗೆ ಉಟ್ಟರೆ ಸೆರಗಿನ ಕೆಲಸವೆಲ್ಲ ಎದುರಿಗೇ ಕಾಣುತ್ತದೆ. ಲಗ್ನದಲ್ಲಿ ಪಾನೇತರ ಉಟ್ಟ ಮದುಮಗಳ ಮೇಲೆ ಘರಚೋಳಾ ಹೊದಿಸುತ್ತಾರೆ. ತವರಿನ ಸೀರೆಯ ಮೇಲೆ ಅತ್ತೆಮನೆಯ ಸೀರೆ.

ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಜವಳಿ ತೆಗೆಯುವ ಮೊದಲು ಹುಡುಗಿಯ ನಿಯಮವೇನೆಂದು ಕೇಳಿರಿ, ಬೀಗರಿಗೂ ಸಂಕೋಚವಿಲ್ಲದೆ ತಿಳಿಸಿರಿ. ಜಯ ಜಿನೇಂದ್ರ.